ಸಾಲವಿಲ್ಲದ ಮೀಟರಣ್ಣನ ಸ್ಕೋರು

ಮನೆಮನೆಗೆ ಹೋಗಿ ನೀರಿನ ಮೀಟರು ಓದಿ, ಅಲ್ಲೇ ನಿಂತು ಬಿಲ್ಲು ಹರಿದು ಕೊಡುವುದು ಮೀಟರಣ್ಣನ ಕೆಲಸ. ಬಿಲ್ಲಿನ ಜೊತೆ ಒಂದಿಷ್ಟು ಬುದ್ಧಿವಾದವನ್ನು ಬಿಟ್ಟಿಯಾಗಿ ಸೇರಿಸಿ ಕೊಡುವುದು ಅವನ ಅಭ್ಯಾಸ. ಇಪ್ಪತ್ತೆರಡು ವರ್ಷಗಳಿಂದ ಈ ಎರಡರಲ್ಲಿ ಒಂದನ್ನೂ ಅವನು ತಪ್ಪಿಸಿದವನಲ್ಲ. ಬಿಲ್ಲು ಕಟ್ಟುವುದು ಸ್ವಲ್ಪ ತಡವಾಗುತ್ತದೆ ಎಂದು ಯಾರಾದರೂ ಬಾಯಿ ಬಿಟ್ಟರೆ ಮುಗಿಯಿತು. ಕಿವಿಯ ಮೇಲಿನ ಪೆನ್ನನ್ನು ತೆಗೆದು ಅದನ್ನೇ ಬೆತ್ತದ ಹಾಗೆ ಆಡಿಸುತ್ತ ಶುರುಮಾಡುತ್ತಿದ್ದ.

"ನೋಡಿ, ನಾನು ಹುಟ್ಟಿದಾಗಿನಿಂದ ಒಬ್ಬರ ಹತ್ರ ಒಂದು ಕಾಸು ಸಾಲ ಮಾಡಿದೋನಲ್ಲ. ಸೈಕಲ್ ತಗೊಂಡಿದ್ದು ದುಡ್ಡು ಕೂಡಿಟ್ಟು. ಮದುವೆ ಆಗಿದ್ದು ದುಡ್ಡು ಕೂಡಿಟ್ಟು."

"ಮದುವೇನ ಕಂತಲ್ಲಿ ಆಗಕ್ಕಾಗುತ್ತಾ ಮೀಟರಣ್ಣ?" ಎಂದು ಮೂಲೆಯಂಗಡಿಯವನು ಒಮ್ಮೆ ಕೇಳಿಬಿಟ್ಟಿದ್ದ. ಮುಂದಿನ ಮೂರು ತಿಂಗಳು ಅವನ ಮನೆಯ ಮೀಟರನ್ನು ಮೀಟರಣ್ಣ ಕನ್ನಡಕ ಹಾಕಿಕೊಂಡು ಓದಿದ.

ಇಂಥ ಮೀಟರಣ್ಣನಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವ ಪ್ರಸಂಗ ಬಂದದ್ದು ಹೆಂಡತಿಯಿಂದ. ಅವಳು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಅಪ್ಪನಿಂದ ಕಲಿತ ವಿದ್ಯೆ. ಬೀದಿಯ ಕೊನೆಯಲ್ಲಿ ಒಂದು ಇಕ್ಕಟ್ಟಾದ ಬಾಡಿಗೆ ಕೋಣೆ. ಗೋಡೆಯ ಮೊಳೆಗಳಿಗೆ ಬೆಲ್ಟುಗಳು, ಡಬ್ಬಿಗಳಲ್ಲಿ ಸೂಜಿ, ಬಾಬಿನ್ನು, ಸ್ಪ್ರಿಂಗು, ನಡುವೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ನಾಲ್ಕಾರು ಯಂತ್ರಗಳು. ಮುಚ್ಚಳ ತೆಗೆಯುವ ಮೊದಲೇ, ಚಕ್ರ ತಿರುಗುವ ಸದ್ದು ಕೇಳಿಯೇ, ರೋಗ ಎಲ್ಲಿದೆ ಎಂದು ಅವಳು ಹೇಳುತ್ತಿದ್ದಳು. ಆ ಕೋಣೆಯ ಮಾಲೀಕ ಈಗ ಅದನ್ನು ಮಾರುವವನಿದ್ದ.

"ನೀವೇ ತಗೊಳ್ಳೋದಾದ್ರೆ ವರ್ಷದ ಕೊನೆವರೆಗೂ ಕಾಯ್ತೀನಮ್ಮ," ಎಂದಿದ್ದ. "ಇಲ್ಲಾಂದ್ರೆ ಪಕ್ಕದ ಐಸ್‌ಕ್ರೀಮ್ ಅಂಗಡಿಯೋನಿಗೆ ಕೊಟ್ಟುಬಿಡ್ತೀನಿ. ಫ್ರಿಜ್ ಇಡೋಕೆ ಜಾಗ ಸಾಲ್ತಿಲ್ಲವಂತೆ ಅವನಿಗೆ."

ಹದಿನಾಲ್ಕು ವರ್ಷ ಕೂತ ಜಾಗದಲ್ಲಿ ಫ್ರಿಜ್ಜು ಕೂರುತ್ತದೆ ಎಂಬ ಮಾತು ಅವಳಿಗೆ ಚುಚ್ಚಿತು. ಅವಳ ಉಳಿತಾಯ ಬೆಲೆಯ ಅರ್ಧಕ್ಕೆ ಬರುತ್ತಿತ್ತು. ಇನ್ನರ್ಧಕ್ಕೆ ಬ್ಯಾಂಕೇ ಗತಿ, ಮತ್ತು ಬ್ಯಾಂಕಿಗೆ ಸಂಬಳದಾರ ಗಂಡನ ಸಹಿಯೂ ಬೇಕು. ಮೀಟರಣ್ಣ ಒಂದು ರಾತ್ರಿ ಹೊರಳಾಡಿದ. ಹೆಂಡತಿಯ ಮೇಲೆ ಅವನಿಗೆ ಬೆಟ್ಟದಷ್ಟು ಪ್ರೀತಿ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವಿರಲಿಲ್ಲ, ಅಷ್ಟೆ. ಬೆಳಗ್ಗೆ ಎದ್ದು ಅಂಗಿಗೆ ಇಸ್ತ್ರಿ ಹಾಕಿದ.

"ಸಾಲವೇ ಮಾಡದ ಮನುಷ್ಯ ಬಂದಿದಾನೆ ಅಂದ್ರೆ ಅವರೇ ಎದ್ದು ನಿಂತು ಕುರ್ಚಿ ಕೊಡ್ತಾರೆ, ನೋಡ್ತಿರು," ಎಂದ.

ಸಾಲದ ಮೇಜಿನ ಮೇಡಂ ಎದ್ದು ನಿಲ್ಲಲಿಲ್ಲ. ಕಂಪ್ಯೂಟರ್ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು.

"ಸರ್, ನಿಮ್ಮ ಕ್ರೆಡಿಟ್ ಸ್ಕೋರ್ ಬರ್ತಾನೇ ಇಲ್ಲ."

"ಬಹಳ ದೊಡ್ಡದಿರಬೇಕು ಮೇಡಂ. ಯಂತ್ರಕ್ಕೆ ಹಿಡಿಸ್ತಿಲ್ಲವೇನೋ."

"ಇಲ್ಲ ಸರ್, ಸ್ಕೋರೇ ಇಲ್ಲ. ನೀವು ಯಾವತ್ತೂ ಸಾಲ ತಗೊಂಡಿಲ್ಲ."

"ಅದನ್ನೇ ತಾನೇ ನಾನು ಹೇಳ್ತಿರೋದು!"

"ಅದೇ ತಾನೇ ತೊಂದರೆ! ತಗೊಂಡು ಸರಿಯಾಗಿ ತೀರಿಸಿದೋರು ಯಾರು ಅಂತ ನಮಗೆ ಗೊತ್ತಾಗುತ್ತೆ. ತಗೊಂಡು ತೀರಿಸದೇ ಇರೋರು ಯಾರು ಅಂತಾನೂ ಗೊತ್ತಾಗುತ್ತೆ. ನಿಮ್ಮ ವಿಷಯ ಏನೂ ಗೊತ್ತಾಗಲ್ಲ."

ಮೀಟರಣ್ಣ ಕುರ್ಚಿಯ ಅಂಚಿಗೆ ಸರಿದ. "ಅಂದ್ರೆ, ಸಾಲ ಮಾಡಿ ಕೈ ಎತ್ತಿದೋನಿಗೂ ಒಂದು ನಂಬರ್ ಇದೆ. ನನಗೆ ಅದೂ ಇಲ್ಲ?"

"ಅವರದ್ದು ಬಹಳ ಕಡಿಮೆ ಇರುತ್ತೆ ಸರ್." ಮೇಡಂ ಸಮಾಧಾನ ಮಾಡಿದರು. "ಆದ್ರೆ ಇರುತ್ತೆ."

ಹೆಂಡತಿ ಮಾತ್ರ ಕೆಟ್ಟು ನಿಂತ ಯಂತ್ರವನ್ನು ನೋಡುವ ಹಾಗೆ ಗಂಡನನ್ನು ಒಮ್ಮೆ ನೋಡಿ, ಮೇಡಂ ಕಡೆ ತಿರುಗಿದಳು. "ಇದನ್ನ ಓಡೋ ಹಾಗೆ ಮಾಡೋದು ಹೇಗೆ ಮೇಡಂ?"

"ಇವರ ಸಂಬಳ ನಮ್ಮಲ್ಲೇ ಬರೋದ್ರಿಂದ ಒಂದು ಕ್ರೆಡಿಟ್ ಕಾರ್ಡ್ ಕೊಡಬಹುದು. ಆರೇಳು ತಿಂಗಳು ಹದವಾಗಿ ಬಳಸಲಿ. ಕಾರ್ಡಿನ ಮಿತಿ ನೂರು ಅಂದ್ಕೊಳ್ಳಿ, ತಿಂಗಳಿಗೆ ಮೂವತ್ತು ದಾಟಬೇಡಿ. ಬಿಲ್ ಬಂದಮೇಲೆ ಕೊನೇ ತಾರೀಕಿನ ಒಳಗೆ ಪೂರ್ತಿ ಕಟ್ಟಿ. 'ಕನಿಷ್ಠ ಇಷ್ಟು ಕಟ್ಟಿದ್ರೆ ಸಾಕು' ಅಂತ ಒಂದು ಸಣ್ಣ ಮೊತ್ತ ಕಾಣಿಸುತ್ತೆ, ಅದಕ್ಕೆ ಮರುಳಾಗಬೇಡಿ, ಬಡ್ಡಿ ಬೆಳೆಯುತ್ತೆ. ಇದೊಂದು ಬಂತು ಅಂತ ಇನ್ನೂ ನಾಲ್ಕು ಕಡೆ ಕಾರ್ಡ್ ಕೇಳೋಕೂ ಹೋಗಬೇಡಿ. ಸ್ಕೋರ್ ಏಳುನೂರ ಐವತ್ತು ದಾಟಿದ ದಿನ ಬನ್ನಿ, ಮಾತಾಡೋಣ."

ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ಮೀಟರಣ್ಣ ಎರಡು ತೀರ್ಮಾನ ಮಾಡಿದ. ಮೊದಲನೆಯದು, ಏಳುನೂರ ಐವತ್ತು ದಾಟಿಯೇ ದಾಟುವುದು. ಎರಡನೆಯದನ್ನು ಹೆಂಡತಿಯ ಕಿವಿಯಲ್ಲಿ ಹೇಳಿದ: "ಬೀದಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಕೂಡದು."

"ಗೊತ್ತಾದ್ರೆ ಏನಂತೆ?"

"ಇಪ್ಪತ್ತೆರಡು ವರ್ಷ ನಾನು ಬಿಟ್ಟಿ ಕೊಟ್ಟಿದ್ದನ್ನೆಲ್ಲ ಒಂದೇ ದಿನದಲ್ಲಿ ವಾಪಸ್ ಕೊಡ್ತಾರೆ ಕಣೇ!"

ಅವಳಿಗೆ ಇದು ಹುಚ್ಚಾಟ ಅನ್ನಿಸಿತು. ಆದರೂ ಗಂಡ ತನಗೋಸ್ಕರ ವ್ರತ ಮುರಿಯುತ್ತಿದ್ದಾನೆ, ಅಷ್ಟಾದರೂ ನಡೆಸಿಕೊಡೋಣ ಎಂದು ಹೂಂ ಅಂದಳು. ಆ ಒಂದು ಹೂಂ ಮುಂದೆ ಎಷ್ಟು ದುಬಾರಿಯಾಯಿತು ಎಂಬುದೇ ಈ ಕಥೆ.

ಕಾರ್ಡು ಬಂತು. ಮೀಟರಣ್ಣ ಅದಕ್ಕೊಂದು ಶಿಸ್ತು ಹಾಕಿದ: ದಿನಸಿಗೆ ಮಾತ್ರ, ಮೂಲೆಯಂಗಡಿಯಲ್ಲಿ ಮಾತ್ರ, ಯಾರಾದರೂ ಕೇಳಿದರೆ ಸಂಬಳದ ಎಟಿಎಂ ಕಾರ್ಡು ಎನ್ನುವುದು. ಇಷ್ಟಕ್ಕೇ ನಿಂತಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ಮೇಡಂ ಹೇಳಿದ ನಿಯಮಗಳು ಅವನಿಗೆ ಸಾಲದೆ ಬಂದವು; ತನ್ನದೂ ಒಂದು ಸೇರಿಸಿದ. ಕಾರ್ಡಿನ ಲೆಕ್ಕಕ್ಕೆ ಕೈ ದುಡ್ಡು ಬೆರೆತರೆ ಸ್ಕೋರು ಕೆಡುತ್ತದೆ! ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ತಾನಾಗಿಯೇ ಹೊಳೆದಿತ್ತು. ಹೀಗಾಗಿ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುವುದನ್ನೂ ಬಿಟ್ಟ. ಸಂಬಳ ಬ್ಯಾಂಕಿನಲ್ಲಿ ಬೆಚ್ಚಗೆ ಕೂತಿರುತ್ತಿತ್ತು, ಹೆಂಡತಿಯ ಗಳಿಕೆಯೆಲ್ಲ ಕೋಣೆಯ ಉಳಿತಾಯಕ್ಕೆ ಹೋಗುತ್ತಿತ್ತು, ಮೂವತ್ತು ಮುಟ್ಟಿದ ದಿನ ಮನೆಯ ಖರೀದಿ ನಿಂತುಹೋಗುತ್ತಿತ್ತು.

ಮೊದಲ ತಿಂಗಳ ಮೂರನೇ ವಾರ. ಅಂಗಡಿಯವನು ಅಕ್ಕಿ, ಬೇಳೆ, ಸೋಪು ಲೆಕ್ಕ ಹಾಕಿ ಎಣ್ಣೆ ಪ್ಯಾಕೆಟ್ಟಿಗೆ ಕೈ ಹಾಕಿದ.

"ನಿಲ್ಲಿಸಿ!" ಎಂದ ಮೀಟರಣ್ಣ. "ಎಣ್ಣೆ ತೆಗೀರಿ."

"ಯಾಕೆ, ಬೇರೆ ಎಣ್ಣೆ ಬೇಕಿತ್ತಾ?"

"ಯಾವ ಎಣ್ಣೆಯೂ ಬೇಡ. ಎಣ್ಣೆ ಸೇರಿಸಿದ್ರೆ ಮೂವತ್ತೊಂದಾಗುತ್ತೆ."

"ಏನು ಮೂವತ್ತೊಂದು?"

"ಅದು ನಿಮಗೆ ಸಂಬಂಧ ಇಲ್ಲ."

ಅಂಗಡಿಯವನು ಸುತ್ತ ನೋಡಿ ದನಿ ತಗ್ಗಿಸಿದ. "ತಗೊಂಡು ಹೋಗಿ ಮೀಟರಣ್ಣ. ದುಡ್ಡು ಯಾವಾಗಾದ್ರೂ ಕೊಟ್ಟರಾಯ್ತು."

"ಸಾಲವಾ? ನನಗಾ?" ಮೀಟರಣ್ಣ ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕಪಾಟಿನಲ್ಲಿ ಅದರ ಜಾಗಕ್ಕೇ ಇಟ್ಟು, ಒಂದು ಸಲ ಅದರ ಕಡೆ ನೋಡಿ ಹೊರಟುಹೋದ.

ಆ ನೋಟವನ್ನು ಅಂಗಡಿಯವನು ಮರೆಯಲಿಲ್ಲ. ಸಂಜೆ ಪೇಪರು ಓದಲು ಬಂದ ಹೆಡ್‌ಮೇಷ್ಟ್ರ ಹತ್ತಿರ ಹೇಳಿದ. ಅವರು ನಿವೃತ್ತರಾಗಿ ವರ್ಷಗಳಾಗಿದ್ದರೂ ಬೀದಿಗೆ ಇನ್ನೂ ಹೆಡ್‌ಮೇಷ್ಟ್ರೇ. ಅವರು ಮೀಟರಣ್ಣನ ಮನೆಯ ಮೇಲಿನ ಮಹಡಿಯಲ್ಲಿರುವ ಮಹಡಿಯಮ್ಮನಿಗೆ ಹೇಳಿದರು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೀಟರಣ್ಣ ಎಣ್ಣೆಯ ಜೊತೆ ಅಕ್ಕಿಯನ್ನೂ ವಾಪಸು ಇಟ್ಟಿದ್ದ. ಮಹಡಿಯಮ್ಮ ಅದನ್ನು ಪಕ್ಕದ ಮನೆಗೆ ಮುಟ್ಟಿಸುವಾಗ ಅವನು ಪ್ಯಾಕೆಟ್ಟು ಅಪ್ಪಿಕೊಂಡು ಗಳಗಳನೆ ಅತ್ತಿದ್ದ.

ಮುಂದಿನ ವಾರ ಹೆಡ್‌ಮೇಷ್ಟ್ರು ಪಿಂಚಣಿ ತರಲು ಬ್ಯಾಂಕಿಗೆ ಹೋದರೆ, ಕೌಂಟರಿನ ಕಿಂಡಿಗೆ ಬಾಯಿಟ್ಟು ಮೀಟರಣ್ಣ ಅಂಗಲಾಚುತ್ತಿದ್ದಾನೆ.

"ದಯವಿಟ್ಟು ಈಗಲೇ ತಗೊಳ್ಳಿ ಸ್ವಾಮಿ. ಪೂರ್ತಿ ಕಟ್ಟಿಬಿಡ್ತೀನಿ."

"ಬಿಲ್ ಬರೋ ಮೊದಲೇ ಯಾಕ್ರೀ ಇಷ್ಟು ಹೆದರಿಕೆ?" ಎಂದು ಕ್ಯಾಷಿಯರ್ ಸಿಡುಕಿದ. "ಇನ್ನೂ ಟೈಮಿದೆ, ಹೋಗಿ."

"ತಡ ಆದ್ರೆ ನನ್ನ ಗತಿ ಏನು ಸ್ವಾಮಿ? ಹೆಂಡತಿ ಅಂಗಡಿ ಹೋಗುತ್ತೆ!"

ಹೆಡ್‌ಮೇಷ್ಟ್ರು ಪಿಂಚಣಿ ಎಣಿಸುವುದನ್ನೇ ಮರೆತು ಬಂದರು. ಹೆಂಡತಿಯ ಅಂಗಡಿಯನ್ನೂ ಅಡವಿಟ್ಟಿದ್ದಾನೆ!

ಕಾರ್ಡು ಸಿಕ್ಕಿತೆಂಬ ಸುದ್ದಿ ಹೇಗೋ ಹೊರಗೆ ಹೋಗಿ, ಇದ್ದಬದ್ದ ಕಂಪನಿಗಳೆಲ್ಲ ಕಾರ್ಡು ಬೇಕಾ, ಸಾಲ ಬೇಕಾ ಎಂದು ಫೋನು ಮಾಡತೊಡಗಿದವು. ಇನ್ನೊಂದು ಕಡೆ ಕೇಳಬೇಡಿ ಎಂದು ಮೇಡಂ ಹೇಳಿದ್ದು ಮೀಟರಣ್ಣನಿಗೆ ನೆನಪಿತ್ತು. ಹೂಂ ಅಂದರೆ ಎಲ್ಲಿ ಸ್ಕೋರು ಇಳಿದೀತೋ ಎಂದು ಹಿತ್ತಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ಎಷ್ಟು ಸಲ ಹೇಳಲಿ ನಿಮಗೆ? ದಿನಾ ಫೋನ್ ಮಾಡಿ ಯಾಕೆ ಜೀವ ತಿಂತೀರಿ? ನನ್ನ ಪಾಡಿಗೆ ನನ್ನನ್ನ ಬಿಟ್ಟುಬಿಡಿ!"

ಮೇಲೆ ಬಟ್ಟೆ ಹರವುತ್ತಿದ್ದ ಮಹಡಿಯಮ್ಮನಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ಸಾಲ ವಸೂಲಿಯವರು ಪಾಪದವನನ್ನು ಫೋನಿನಲ್ಲೇ ಹಿಂಡುತ್ತಿದ್ದಾರೆ!

ಅಲ್ಲಿಂದ ಬೀದಿಯ ನಡವಳಿಕೆಯೇ ಬದಲಾಯಿತು. ಮೀಟರಣ್ಣ ಗೇಟು ತಳ್ಳುವ ಮೊದಲೇ ಜನ ಬಿಲ್ಲಿನ ದುಡ್ಡು ಹಿಡಿದು ನಿಂತಿರುತ್ತಿದ್ದರು. ಬುದ್ಧಿವಾದಕ್ಕೆ ಬಾಯಿ ತೆರೆದರೆ ಬಿಸ್ಕತ್ತು ತುರುಕುತ್ತಿದ್ದರು. ಬಾಗಿಲ ಬಳಿ ಯಾರೋ ಟೊಮೆಟೊ ಇಟ್ಟು ಹೋಗುತ್ತಿದ್ದರು. ಎರಡು ಮಾತಿಗೆ ಒಂದು ಸಲ ಬೆನ್ನು ಸವರುತ್ತಿದ್ದರು. ಮೀಟರಣ್ಣ ಇದನ್ನೆಲ್ಲ ಗಮನಿಸಿ ಒಂದು ದಿನ ಹೆಂಡತಿಗೆ ಹೇಳಿದ: "ನನ್ನ ಸ್ಕೋರ್ ಏರ್ತಿದೆ ಕಣೇ. ಮುಖದಲ್ಲೇ ಕಾಣ್ತಿರಬೇಕು. ಜನ ಎಷ್ಟು ಮರ್ಯಾದೆ ಕೊಡ್ತಾರೆ!"

"ಇವತ್ತು ಎಣ್ಣೆ ಇದೆಯಾ?" ಎಂದಳು ಹೆಂಡತಿ.

"ಮುಂದಿನ ಬಿಲ್ ಶುರುವಾಗಲಿ, ಇರು."

ಸುದ್ದಿ ಬಸ್ಸು ಓಡಿಸುವ ಭಾವಮೈದುನನ ಕಿವಿಗೂ ಬಿತ್ತು. ಮೈ ದೊಡ್ಡದು, ದನಿ ಬಸ್ಸಿನದು, ಮನಸ್ಸು ಬೆಣ್ಣೆ. ಅಕ್ಕ ಅಂಗಡಿಯಲ್ಲಿದ್ದ ಹೊತ್ತು ನೋಡಿಕೊಂಡು ಬಂದು, ಭಾವನನ್ನು ಮಂಚದ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತ.

"ಭಾವ, ನಾಚ್ಕೋಬೇಡಿ. ನನಗೆ ಎಲ್ಲ ಗೊತ್ತಾಗಿದೆ. ಈಗ ಎಷ್ಟಾಗಿದೆ ಹೇಳಿ."

ಹೆಂಡತಿಯೇ ತಮ್ಮನ ಹತ್ತಿರ ಬಾಯಿ ಬಿಟ್ಟಿದ್ದಾಳೆ ಎಂದುಕೊಂಡ ಮೀಟರಣ್ಣ. ಮನೆಯವನೇ ತಾನೇ, ಇರಲಿ. "ಏಳುನೂರ ಇಪ್ಪತ್ತು," ಎಂದ ಹೆಮ್ಮೆಯಿಂದ.

ಭಾವಮೈದುನ ಬೆರಳು ಮಡಿಚಿ ಲೆಕ್ಕ ಹಾಕಿದ. "ಏಳುನೂರ ಇಪ್ಪತ್ತು... ಸಾವಿರಾನಾ?"

ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದ್ದ ಸದ್ದಿಗೆ ಎದ್ದು ಓಡಿದ ಮೀಟರಣ್ಣನಿಗೆ ಕೊನೆಯ ಪದ ಕೇಳಲಿಲ್ಲ. ಅಲ್ಲಿಂದಲೇ ಕೂಗಿದ: "ಇನ್ನೂ ಏರಿಸ್ತೀನಿ ನೋಡ್ತಿರು! ಏಳುನೂರ ಐವತ್ತು ದಾಟಿಸ್ದೆ ಬಿಡೋನಲ್ಲ!"

"ಇನ್ನೂ ಏರಿಸ್ತೀರಾ! ಯಾಕೆ ಭಾವ?"

"ನಿಮ್ಮಕ್ಕನಿಗೋಸ್ಕರ ಕಣೋ! ಯಾರಿಗೂ ಹೇಳಬೇಡ, ಅವಳ ಹತ್ರಾನೂ ಈ ಮಾತು ಎತ್ತಬೇಡ."

"ಪ್ರಾಣ ಹೋದ್ರೂ ಬಾಯಿ ಬಿಡಲ್ಲ ಭಾವ," ಎಂದು ಕಣ್ಣೊರೆಸಿಕೊಂಡು ಎದ್ದ ಭಾವಮೈದುನ, ನೆಟ್ಟಗೆ ಮೂಲೆಯಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದ. ಹೆಡ್‌ಮೇಷ್ಟ್ರು, ಮಹಡಿಯಮ್ಮ ಅಲ್ಲೇ ಇದ್ದರು. ವಸೂಲಿಯವರು ಬೀದಿಗೆ ಕಾಲಿಟ್ಟರೆ ಮೀಟರಣ್ಣನ ಕೂದಲೂ ಕೊಂಕದಂತೆ ನೋಡಿಕೊಳ್ಳುವುದೆಂದು ನಾಲ್ವರೂ ಕೈ ಮೇಲೆ ಕೈಯಿಟ್ಟರು.

ಏಳನೆಯ ತಿಂಗಳು ಸ್ಕೋರು ಏಳುನೂರ ಅರವತ್ತಮೂರು ಮುಟ್ಟಿತು. ಒಂದು ಬಿಲ್ಲೂ ತಡವಾಗಿರಲಿಲ್ಲ, ಒಮ್ಮೆಯೂ ಮೂವತ್ತು ದಾಟಿರಲಿಲ್ಲ. ಮೇಡಂ ಈ ಸಲ ನಿಜವಾಗಿಯೂ ಎದ್ದು ನಿಂತು ಕೈ ಕುಲುಕಿದರು. ಅರ್ಜಿ ತೆಗೆದುಕೊಂಡು, "ಎಲ್ಲ ಸರಿಯಾಗಿದೆ ಸರ್. ನಮ್ಮವರೊಬ್ಬರು ಬಂದು ಅಕ್ಕಪಕ್ಕ ವಿಚಾರಿಸ್ತಾರೆ, ಬರೀ ಶಾಸ್ತ್ರಕ್ಕೆ," ಎಂದರು. ಅಂಗಡಿ ಮಾಲೀಕ ಕೊಟ್ಟ ಗಡುವಿಗೆ ಎರಡೇ ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ಮೀಟರಣ್ಣ ಕೆಲಸ ಮುಗಿಸಿ ಸಿಳ್ಳೆ ಹಾಕುತ್ತ ಬೀದಿಗೆ ತಿರುಗಿದ. ಮೂಲೆಯಂಗಡಿಯೊಳಗಿಂದ ಎರಡು ದಪ್ಪ ಕೈಗಳು ಚಾಚಿ ಅವನನ್ನು ಹಿಡಿದೆಳೆದವು.

"ಒಳಗೆ ನಡೀರಿ ಭಾವ, ಬಂದಿದಾನೆ! ಬೈಕಲ್ಲಿ ಮನೆ ನಂಬರ್ ಹುಡುಕ್ತಾ ಬರ್ತಿದಾನೆ!"

"ಯಾರು ಬಂದಿದಾನೆ?"

ಭಾವಮೈದುನ ಅವನನ್ನು ಹಿಂದಿನ ಗೋದಾಮಿಗೆ ನೂಕಿ, ಮೈದಾ ಮೂಟೆಗಳ ನಡುವೆ ಕೂರಿಸಿ, ಬಾಗಿಲಿಗೆ ಹೊರಗಿಂದ ಚಿಲಕ ಹಾಕಿದ. ಕತ್ತಲು. ಬೀದಿಗೆ ಕಳ್ಳ ನುಗ್ಗಿರಬೇಕೆಂದುಕೊಂಡ ಮೀಟರಣ್ಣ ಉಸಿರು ಬಿಗಿಹಿಡಿದು ಬಾಗಿಲಿಗೆ ಕಿವಿಗೊಟ್ಟ. ಹೊರಗೆ ಬೈಕು ನಿಂತ ಸದ್ದು, ಬೂಟಿನ ಸದ್ದು.

"ನಮಸ್ಕಾರ, ಬ್ಯಾಂಕಿಂದ ಬಂದಿದೀನಿ. ಈ ಫೋಟೋದಲ್ಲಿರೋರು ಗೊತ್ತಾ?"

"ನೋಡೇ ಇಲ್ಲ," ಎಂದಿತು ಅಂಗಡಿಯವನ ದನಿ. "ಯಾರು ಇದು? ಎಂಥ ಗಂಟುಮುಖ!"

ಅರ್ಜಿಗೆಂದೇ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಅದು. ಮೀಟರಣ್ಣನಿಗೆ ಬೇಸರವಾಯಿತು. ಆಮೇಲೆ ಬ್ಯಾಂಕು ಎಂದದ್ದು ತಲೆಗೆ ಹೋಯಿತು. ಅಯ್ಯೋ, ವಿಚಾರಿಸಲು ಬಂದವನು! ಎದ್ದವನ ತಲೆ ಮೇಲಿನ ಅಟ್ಟಕ್ಕೆ ಬಡಿದು ಒಂದು ಮೂಟೆ ಅವನ ಮೇಲೆಯೇ ಬಿತ್ತು. ಬಾಯಿಯ ತುಂಬ ಮೈದಾ.

ಹೊರಗೆ ಹೆಡ್‌ಮೇಷ್ಟ್ರು ಶುರುಮಾಡಿದ್ದರು. ಹುಟ್ಟಾ ಸುಳ್ಳು ಹೇಳದವರು, ಅಭ್ಯಾಸವಿರಲಿಲ್ಲ. "ಇದ್ದರು. ಈಗ ಇಲ್ಲ. ಊರು ಬಿಟ್ಟು ಹೋದರು."

"ಎಲ್ಲಿಗೆ ಸರ್?"

"ಉತ್ತರಕ್ಕೆ."

"ಉತ್ತರಕ್ಕೆ ಅಂದ್ರೆ ಎಲ್ಲಿ?"

"ಉತ್ತರ ಗೊತ್ತಿಲ್ವೇನಯ್ಯ? ದಕ್ಷಿಣದ ಎದುರುಗಡೆ!"

"ಒಬ್ರು ನೋಡೇ ಇಲ್ಲ ಅಂತೀರ, ಒಬ್ರು ಹೋದ್ರು ಅಂತೀರ. ಯಾವುದಾದ್ರೂ ಒಂದು ಹೇಳಿ ಸ್ವಾಮಿ, ಬರ್ಕೋಬೇಕು."

ಅಷ್ಟರಲ್ಲಿ ಮಹಡಿಯಮ್ಮ ಮೆಟ್ಟಿಲಿಳಿದು ಬಂದರು. ತುಂಬ ದಿನಗಳಿಂದ ಎದೆಯಲ್ಲಿ ತುಂಬಿಕೊಂಡಿದ್ದ ಮರುಕ ಕಟ್ಟೆಯೊಡೆಯಿತು. "ಏನಂತ ಬರ್ಕೋತೀಯಪ್ಪ? ಹೋಗಿಬಿಟ್ರು ಪುಣ್ಯಾತ್ಮ! ನಮ್ಮನ್ನೆಲ್ಲ ಬಿಟ್ಟು ಹೋಗಿಬಿಟ್ರು!"

ಬ್ಯಾಂಕಿನವನ ದನಿ ಮೆತ್ತಗಾಯಿತು. "ಅಯ್ಯೋ. ಏನಾಗಿತ್ತು?"

"ಎದೆನೋವು," ಎಂದ ಅಂಗಡಿಯವನು. "ಜ್ವರ," ಎಂದರು ಹೆಡ್‌ಮೇಷ್ಟ್ರು. "ಬಸ್ಸು," ಎಂದ ಭಾವಮೈದುನ. ಮೂರೂ ಒಟ್ಟಿಗೇ ಬಂದವು.

ಬ್ಯಾಂಕಿನವನು ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

"ಬಸ್ಸಲ್ಲಿ ಹೋಗ್ತಿರುವಾಗ ಜ್ವರ ಬಂತು, ಅದು ಎದೆಗೆ ಹೋಯಿತು," ಎಂದು ಹೆಡ್‌ಮೇಷ್ಟ್ರು ಮೂರನ್ನೂ ಕೂಡಿಸಿ ಮೊತ್ತ ಹೇಳಿದರು.

ಮೀಟರಣ್ಣ ಮೈದಾ ಉಗುಳಿ ಬಾಗಿಲು ಗುದ್ದಿದ. "ನಾನು ಇಲ್ಲಿದೀನಿ! ಬದುಕಿದೀನಿ!"

"ಅದೇನು ಸದ್ದು?"

"ಇಲಿ," ಎಂದ ಅಂಗಡಿಯವನು.

"ಮಾತಾಡಿದ ಹಾಗಿತ್ತು."

"ದೊಡ್ಡ ಇಲಿ." ಭಾವಮೈದುನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಸ್ಸಿನ ದನಿಯಲ್ಲಿ ಭಾವಾ ಭಾವಾ ಎಂದು ಅಳತೊಡಗಿದ. ಆ ಅಬ್ಬರದಲ್ಲಿ ಮೀಟರಣ್ಣನ ಕೂಗು ಮುಳುಗಿಹೋಯಿತು. ಬ್ಯಾಂಕಿನವನು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಎಲ್ಲರಿಗೂ ಕೈ ಮುಗಿದು, ಮನೆಯವರನ್ನು ಈ ಹೊತ್ತಿನಲ್ಲಿ ಮಾತಾಡಿಸುವುದು ಸರಿಯಲ್ಲವೆಂದು ಹೊರಟುಹೋದ.

ಚಿಲಕ ತೆಗೆದಾಗ ಬೆಳ್ಳಗಾಗಿದ್ದ ಮೀಟರಣ್ಣ ಹೊರಬಂದ. ಭಾವಮೈದುನ ಅವನನ್ನು ಎತ್ತಿಕೊಂಡೇಬಿಟ್ಟ.

"ಗೆದ್ವಿ ಭಾವ! ನಿಮ್ಮನ್ನ ಸಾಯಿಸಿಬಿಟ್ವಿ! ಇನ್ಯಾವ ಸಾಲದೋನೂ ಈ ಕಡೆ ಬರಲ್ಲ!"

"ಇಳಿಸೋ ನನ್ನ!" ಮೀಟರಣ್ಣನ ದನಿಗೆ ಅಂಗಡಿಯ ಗಾಜಿನ ಭರಣಿಗಳು ನಡುಗಿದವು. "ಅವನು ಸಾಲ ವಸೂಲಿಗೆ ಬಂದೋನಲ್ಲ! ಸಾಲ ಕೊಡೋಕೆ ಬಂದೋನು!"

ಇಪ್ಪತ್ತೆರಡು ವರ್ಷದ ಮರ್ಯಾದೆ ಈಗ ಅವನ ನಾಲಿಗೆಯ ತುದಿಯಲ್ಲಿತ್ತು. ಒಂದು ಕ್ಷಣ ಹಿಂದೆಮುಂದೆ ನೋಡಿದ. ಹೆಂಡತಿಯ ಕೋಣೆಯಲ್ಲಿ ಫ್ರಿಜ್ಜು ಗುರುಗುಟ್ಟಿದ್ದು ಕಿವಿಗೆ ಕೇಳಿದಂತಾಯಿತು.

"ಹೌದು, ಸಾಲ ಕೇಳಿದೀನಿ. ನಾನೇ ಕೇಳಿದೀನಿ. ಅವಳಿಗೆ ಅಂಗಡಿ ಕೊಡಿಸೋಕೆ. ಕಾರ್ಡೂ ತಗೊಂಡಿದೀನಿ, ಸ್ಕೋರೂ ಮಾಡಿದೀನಿ. ನಿಮಗೆಲ್ಲ ಬುದ್ಧಿ ಹೇಳಿದ ಬಾಯಲ್ಲಿ ಇದನ್ನ ಹೇಳೋಕೆ ನಾಚಿಕೆ ಆಯ್ತು, ಮುಚ್ಚಿಟ್ಟೆ. ನಗೋದಿದ್ರೆ ನಕ್ಕುಬಿಡಿ, ಆದ್ರೆ ಬೇಗ ನಗಿ. ನಾಳೆ ಗಡುವು ಮುಗಿಯುತ್ತೆ!"

ಯಾರೂ ನಗಲಿಲ್ಲ. ಅಂಗಡಿಯವನು ಮಾತ್ರ ತೊದಲಿದ: "ಹಾಗಾದ್ರೆ... ಆ ಎಣ್ಣೆ?"

"ಮೂವತ್ತು ಪರ್ಸೆಂಟು ಕಣ್ರೀ!"

ಮೂಲೆಯಂಗಡಿಯ ಸಾಮಾನು ಸಾಗಿಸುವ ವ್ಯಾನು ಎಲ್ಲರನ್ನೂ ಹತ್ತಿಸಿಕೊಂಡು ಬ್ಯಾಂಕಿನ ಕಡೆ ತಿರುಗಿತು. ಬೀದಿಯ ಕೊನೆಯಲ್ಲಿ ಹೆಂಡತಿಯನ್ನು ಹತ್ತಿಸಿಕೊಂಡರು. ಕೈಯಲ್ಲಿ ಸ್ಕ್ರೂಡ್ರೈವರು ಹಾಗೇ ಇತ್ತು, ಮೊಣಕೈವರೆಗೆ ಗ್ರೀಸು. ದಾರಿಯುದ್ದಕ್ಕೂ ನಾಲ್ವರೂ ಒಟ್ಟಿಗೇ ಕ್ಷಮೆ ಕೇಳುತ್ತ ವಿವರಿಸಿದ್ದರಿಂದ, ತನ್ನ ಗಂಡ ಬಸ್ಸಿನಲ್ಲಿ ಸತ್ತದ್ದು ಯಾಕೆಂದು ಅವಳಿಗೆ ಬ್ಯಾಂಕು ಮುಟ್ಟುವವರೆಗೂ ಸರಿಯಾಗಿ ತಿಳಿಯಲಿಲ್ಲ.

ಮೈದಾ ಮೆತ್ತಿದ ಬಿಳಿ ಮನುಷ್ಯ ಒಳಗೆ ಬಂದದ್ದು ನೋಡಿ ಬೀದಿಗೆ ಬಂದು ಹೋಗಿದ್ದ ವಿಚಾರಣೆಯವನ ಕೈಯ ಕಾಫಿ ಲೋಟ ಬಿತ್ತು. ಮೇಡಂ ಕಂಪ್ಯೂಟರನ್ನು ನೋಡಿದರು, ಮೀಟರಣ್ಣನನ್ನು ನೋಡಿದರು.

"ಸರ್, ನಮ್ಮ ರಿಪೋರ್ಟ್ ಪ್ರಕಾರ ನೀವು..."

"ಸತ್ತಿದೀನಿ. ಗೊತ್ತು ಮೇಡಂ. ಬದುಕಿಸಿ."

"ಬದುಕಿಸೋಕೆ ಇದರಲ್ಲಿ ಗುಂಡಿ ಇಲ್ಲ ಮೇಡಂ," ಎಂದ ವಿಚಾರಣೆಯವನು, ಕಣ್ಣು ಕೀಳದೆ. "ಸತ್ತಿದಾರೆ ಅಂತ ಒತ್ತಿದ್ರೆ ಮುಗೀತು. ಹೊಸದಾಗಿ ಅರ್ಜಿ ಹಾಕಬೇಕು. ಒಂದು ತಿಂಗಳು."

ಹೆಂಡತಿಯ ಮುಖ ಬಾಡಿತು. ಅದನ್ನು ನೋಡಿದ ಮೀಟರಣ್ಣ ಮೇಡಂ ಎದುರಿನ ಕುರ್ಚಿ ಎಳೆದು ಕೂತ. ಕೂತಲ್ಲಿಂದ ಸಣ್ಣಗೆ ಮೈದಾ ಉದುರಿತು.

"ಏಳು ತಿಂಗಳು ಎಣ್ಣೆ ಬಿಟ್ಟಿದೀನಿ ಮೇಡಂ. ಒಂದು ಬಿಲ್ಲೂ ತಡ ಮಾಡಿಲ್ಲ. ಬೀದಿಯವರ ಎದುರು ಮಾನ ಕಳ್ಕೊಂಡು ಬಂದಿದೀನಿ. ಬರೀ ಸತ್ತಿದೀನಿ ಅನ್ನೋ ಕಾರಣಕ್ಕೆ ಇಲ್ಲಿಂದ ಏಳೋನಲ್ಲ ನಾನು."

"ಒಂದು ನಿಮಿಷ ಸರ್. ಎಣ್ಣೆ ಯಾಕೆ ಬಿಟ್ರಿ?"

"ನೀವೇ ಹೇಳಿದ್ರಲ್ಲ! ಮೂವತ್ತು ದಾಟಬಾರದು ಅಂತ."

"ಅದು ಕಾರ್ಡಿಗೆ ಸರ್! ಎಣ್ಣೆಗೆ ಕೈಯಿಂದ ದುಡ್ಡು ಕೊಟ್ಟಿದ್ರೆ ಆಗ್ತಿತ್ತಲ್ಲ!"

ಹೆಂಡತಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. ಅವಳ ಕೈಯ ಸ್ಕ್ರೂಡ್ರೈವರನ್ನು ಭಾವಮೈದುನ ಮೆಲ್ಲಗೆ ತೆಗೆದುಕೊಂಡ.

ಮೇಡಂ ನಗು ತಡೆಯಲು ಮೇಜಿನ ಕೆಳಗೆ ಏನನ್ನೋ ಹುಡುಕಿದರು. ಎದ್ದಾಗ ಕಣ್ಣಲ್ಲಿ ನೀರಿತ್ತು. ವಿಚಾರಣೆಯವನಿಗೆ ಹೇಳಿದರು: "ಆ ರಿಪೋರ್ಟನ್ನ ಮ್ಯಾನೇಜರ್ ಹತ್ರ ನಾನೇ ರದ್ದು ಮಾಡಿಸ್ತೀನಿ. ನೀವು ಈಗಲೇ ಇನ್ನೊಂದು ಸಲ ಹೋಗಿ ಬನ್ನಿ."

"ಆ ಬೀದಿಗಾ ಮೇಡಂ? ನಾನೊಬ್ಬನೇನಾ?"

ಒಬ್ಬನೇ ಹೋಗಬೇಕಾಗಿ ಬರಲಿಲ್ಲ. ಅವನನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಮರ್ಯಾದೆಯಿಂದ ಕೂರಿಸಿ ಕರೆದುಕೊಂಡು ಹೋದರು. ಈ ಸಲ ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತು, ಕೇಳಿದ್ದಕ್ಕೂ ಕೇಳದ್ದಕ್ಕೂ ನಿಜ ಹೇಳಿತು. ಮೀಟರಣ್ಣನ ಗೊರಕೆಯ ಜೋರನ್ನೂ ಮಹಡಿಯಮ್ಮ ಬರೆಸಿದರು.

"ಇವರು ಸಾಲ ತೀರಿಸ್ತಾರೆ ಅನ್ನೋ ನಂಬಿಕೆ ಇದೆಯಾ?" ಎಂದು ಕೊನೆಗೆ ಕೇಳಿದ ವಿಚಾರಣೆಯವನು.

"ಬಿಲ್ ಬರೋ ಮೊದಲೇ ತೀರಿಸಿ ನಿಮ್ಮ ಪ್ರಾಣ ತೆಗೀತಾರೆ," ಎಂದರು ಹೆಡ್‌ಮೇಷ್ಟ್ರು. ನಿಜ ಹೇಳುವುದು ಅಭ್ಯಾಸವಿದ್ದ ಕೆಲಸ, ಎಲ್ಲೂ ತಡವರಿಸಲಿಲ್ಲ.

ಮರುದಿನ ಬೆಳಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲ ಮೇಲಿದ್ದರು. ಮೇಡಂ ಕಾಗದ ಮುಂದಿಟ್ಟು, ಸಹಿಯ ಜಾಗ ತೋರಿಸಿದರು. ಮೀಟರಣ್ಣ ಕಿವಿಯ ಮೇಲಿನ ಪೆನ್ನು ತೆಗೆದ. ಇಷ್ಟು ತಿಂಗಳು ಹಟ ಹಿಡಿದು ಇಲ್ಲಿವರೆಗೆ ಬಂದವನ ಕೈ, ಸಾಲ ಎಂಬ ಅಚ್ಚಾದ ಪದ ಕಂಡದ್ದೇ ನಡುಗತೊಡಗಿತು. ಪೆನ್ನಿನ ತುದಿ ಕಾಗದದ ಮೇಲೆ ಟಕಟಕ ಬಡಿಯಿತು. ಎಷ್ಟು ಒತ್ತಿ ಹಿಡಿದರೂ ನಿಲ್ಲಲಿಲ್ಲ.

ಹೆಂಡತಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಸಹಿಯನ್ನು ಮೊದಲು ಹಾಕಿದಳು. ಉಗುರಿನ ಸಂದಿಯ ಗ್ರೀಸು ಕಾಗದದ ಅಂಚಿಗೆ ತಾಗಿತು. ಆಮೇಲೆ ಪೆನ್ನನ್ನು ಮತ್ತೆ ಅವನ ಬೆರಳುಗಳ ನಡುವೆ ಇಟ್ಟು, ಆ ಕೈಯ ಮೇಲೆ ತನ್ನ ಕೈಯಿಟ್ಟಳು.

"ಅಂಗಡಿ ನಂದು, ಕಂತು ನಾನು ಕಟ್ತೀನಿ ಕಣ್ರೀ," ಎಂದಳು. "ನೀವು ಸುಮ್ನೆ ಬದುಕಿರಿ. ಅಷ್ಟು ಸಾಕು ನನಗೆ."

ಮೀಟರಣ್ಣ ಮೂಗು ಒರೆಸಿಕೊಂಡು ಸಹಿ ಹಾಕಿದ.